ಗೋಡೆ ದಾಟಿದ ಬಳ್ಳೊಳ್ಳಿ

ಗುರುಪುತ್ರಪ್ಪನ ಸಂಸಾರ ನಿಂತಿದ್ದೇ ಪುಡಿಯ ಮೇಲೆ. ಆದರೂ ‘ಪುಡಿ’ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಬೆಳಗಾವಿಯ ಮಹಾಂತೇಶ ನಗರದಲ್ಲಿ ಅವನ ಮನೆ. ಹಿಂದಿನ ಕೋಣೆಯಲ್ಲಿ ಹೆಂಡತಿ ದಾನೇಶ್ವರಿ ಚಟ್ನಿಪುಡಿ ಮಾಡುತ್ತಿದ್ದಳು. ಶೇಂಗಾದ್ದು, ಗುರೆಳ್ಳಿನದು, ಅಗಸಿಯದು, ಎಲ್ಲಕ್ಕಿಂತ ಮಿಗಿಲಾಗಿ ಬಳ್ಳೊಳ್ಳಿಯದು. ಅವಳು ಬಳ್ಳೊಳ್ಳಿ ಕುಟ್ಟಲು ಕುಳಿತರೆ ಓಣಿಯಲ್ಲಿ ನಡೆದು ಹೋಗುವವರ ಹೆಜ್ಜೆ ತಾನಾಗಿ ನಿಧಾನವಾಗುತ್ತಿತ್ತು. ಹುರಿಯುವುದು, ಕುಟ್ಟುವುದು, ಉಪ್ಪು ಖಾರ ಹದ ಮಾಡುವುದು ಅವಳ ಕೆಲಸ. ಪಾಕೀಟು ತುಂಬಿ, ಚೀಟಿ ಅಂಟಿಸಿ, ಸ್ಕೂಟರಿನ ಮೇಲೆ ಟಿಳಕವಾಡಿಯ ಅಂಗಡಿಗಳಿಗೆ ಮುಟ್ಟಿಸುವುದು ಗುರುಪುತ್ರಪ್ಪನ ಕೆಲಸ. ಮಾಲೀಕನೆಂದು ಹೇಳಿಕೊಳ್ಳುವ ಹೊಣೆಯನ್ನೂ ಅವನೇ ಹೊತ್ತಿದ್ದ.

ಉರಿ ಹತ್ತಿದ್ದು ಬಳಗದ ಬಸುರಿಯೊಬ್ಬಳ ಕುಬುಸದ ಕಾರ್ಯಕ್ರಮದಲ್ಲಿ. ಅವನ ಸಡ್ಡಕ ಶಿವಲಿಂಗ ರಸ್ತೆ ಗುತ್ತಿಗೆದಾರ, ಮಾತಿಗೆ ಮೊದಲೇ ನಗುವ ಆಸಾಮಿ. ನಿವೃತ್ತ ಪ್ರಿನ್ಸಿಪಾಲರೊಬ್ಬರಿಗೆ ಇವನನ್ನು ತೋರಿಸಿ, “ಇವರು ನಮ್ಮ ಸಡ್ಡಕರು ನೋಡ್ರಿ. ಪುಡಿ ವ್ಯಾಪಾರಿ,” ಅಂದ. ಪ್ರಿನ್ಸಿಪಾಲರು ಗುರುಪುತ್ರಪ್ಪನ ನರೆತ ಮೀಸೆಯನ್ನು ಕನಿಕರದಿಂದ ನೋಡಿದರು. ಹೆಗಲ ಮೇಲೆ ಕೈಯಿಟ್ಟು, “ಇರ್ಲಿ ಬಿಡ್ರಿ. ಮುಂದ ದೊಡ್ಡ ವ್ಯಾಪಾರಿ ಆಗ್ತೀರಿ,” ಎಂದು ಆಶೀರ್ವದಿಸಿದರು.

ಮನೆಗೆ ಬಂದವನೇ ಗುರುಪುತ್ರಪ್ಪ ಅಂಗಿಯ ಗುಂಡಿ ಬಿಚ್ಚದೆ ಶುರು ಮಾಡಿದ.

“ಪುಡಿ ರೌಡಿ ಅಂತಾರ. ಪುಡಿ ಲೀಡರ ಅಂತಾರ. ಪುಡಿಗಾಸು ಅಂತಾರ. ಈ ಶಬ್ದಕ್ಕ ಮರ್ಯಾದಿನ ಇಲ್ಲ. ನಮ್ಮ ಮಾಲಿಗೆ ಬ್ಯಾರೆ ಹೆಸರು ಬೇಕು, ದಾನೇಶ್ವರಿ.”

“ನಮ್ಮವ್ವ ಹಿಂಡಿ ಅಂತಿದ್ಲು. ಹಿಂಡಿ ಅನ್ರಿ.”

“ಹಿಂಡಿ ಎಮ್ಮಿಗೆ ಹಾಕ್ತಾರ.”

“ಹಿಟ್ಟು ಅನ್ರಿ.”

“ನಾ ಏನ್ ಗಿರಣಿ ಇಟ್ಟೇನೇನು?”

“ಹಂಗಾದ್ರ ಧೂಳು ಅನ್ರಿ. ಒಂದ್ ಸಲ ಕೈಕಾಲು ತೊಳಕೊಂಡು ಉಣ್ಣಾಕ ಬರ್ರಿ.”

ಅಂದಿನಿಂದ ಗುರುಪುತ್ರಪ್ಪ ಶಬ್ದಗಳ ಬೆನ್ನು ಹತ್ತಿದ. ತುಂಡಿಗಿಂತ ಸಣ್ಣದು ನುಚ್ಚು, ನುಚ್ಚಿಗಿಂತ ಸಣ್ಣದು ರವೆ, ರವೆಗಿಂತ ಪುಡಿ, ಪುಡಿಗಿಂತ ಹಿಟ್ಟು, ಹಿಟ್ಟಿಗಿಂತ ಧೂಳು. ವಸ್ತು ಸಣ್ಣದಾದಷ್ಟೂ ಹೆಸರು ಕೀಳಾಗುತ್ತ ಹೋಗುವುದನ್ನು ಕಂಡು ಅವನಿಗೆ ಗಾಬರಿಯಾಯಿತು. ಆದರೆ ಧೂಳನ್ನು ದಾಟಿದ ಮೇಲೆ ಒಂದು ಚಮತ್ಕಾರ! ಅಲ್ಲಿಂದ ಮುಂದೆ ಹೆಸರುಗಳಿಗೆ ಏಕಾಏಕಿ ಗಾಂಭೀರ್ಯ ಬರುತ್ತಿತ್ತು: ಕಣ, ಅಣು, ಪರಮಾಣು. ಧೂಳಿಗಿಂತ ಸಣ್ಣದಾದರೆ ಜನ ಎದ್ದು ನಿಂತು ಕೈ ಮುಗಿಯುತ್ತಾರೆ!

‘ಕಣ’ ಅವನಿಗೆ ಮೊದಲು ಹಿಡಿಸಿತ್ತು. ಆದರೆ ಊರ ಕಡೆಯವರಿಗೆ ಕಣವೆಂದರೆ ಜೋಳ ತುಳಿಸುವ ಜಾಗ, ಪತ್ರಿಕೆಯವರಿಗೆ ಚುನಾವಣೆ. ಹೆಂಗಸರ ಕಿವಿಗೆ ಅದು ಕುಪ್ಪಸದ ಖಣವಾಗಿಯೇ ಬೀಳುವುದು. ಬಳ್ಳೊಳ್ಳಿ ನಾರುವ ಕುಪ್ಪಸದ ಖಣವನ್ನು ಯಾರು ಕೊಳ್ಳುತ್ತಾರೆ? ಹಾಗಾಗಿ ಒಂದು ಶುಭ ಸೋಮವಾರ ಪಾಕೀಟುಗಳ ಮೇಲೆ ಹೊಸ ಚೀಟಿ ಬಂತು: ‘ದಾನೇಶ್ವರಿ ಬಳ್ಳೊಳ್ಳಿ ಅಣು’.

ಈ ‘ಅಣು’ವಿಗೆ ಆಧಾರವನ್ನೂ ಅವನು ಸಂಪಾದಿಸಿಕೊಂಡಿದ್ದ. ಬಾಜೂ ಮನೆಯ ಶಾಂತಿನಾಥ ಬಟ್ಟೆ ವ್ಯಾಪಾರಿ. ಅವನ ಮಗಳು ಪೂನಮ್ ಖಾನಾಪುರದಲ್ಲಿ ಹೈಸ್ಕೂಲಿಗೆ ವಿಜ್ಞಾನ ಕಲಿಸುವವಳು. ತವರಿಗೆ ಬಂದಾಗ ಅವಳನ್ನು ಗೋಡೆಯ ಮೇಲಿಂದಲೇ ಕೇಳಿದ್ದ: “ನಮ್ಮ ಚಟ್ನಿಯಾಗ ಅಣು ಇರತಾವೇನವಾ?” ಅವಳು ನಕ್ಕು, “ಇರತಾವ ಕಾಕಾ. ವಾಸನಿ ಬರೂದ ಅವು ಹಾರಿ ಬಂದು ಮೂಗಿಗೆ ಮುಟ್ಟಿದ್ದಕ್ಕ,” ಅಂದಿದ್ದಳು. ಅಷ್ಟು ಸಾಕಾಗಿತ್ತು.

ವಾರ ತುಂಬುವುದರೊಳಗೆ ಆಹಾರ ಪದಾರ್ಥ ತಪಾಸಣೆ ಮಾಡುವ ಕಲ್ಮೇಶ ಎಂಬ ಅಧಿಕಾರಿ ಬಾಗಿಲಿಗೆ ಬಂದರು. ಕೈಯಲ್ಲಿ ಪಾಕೀಟು.

“ಇದರಾಗ ಅಣು ಅದಾವಂತ ಬರದೀರಿ. ಖರೇ ಅದಾವೇನ್ರಿ?”

“ಅದಾವ್ರಿ ಸಾಹೇಬ್ರ. ಭಾಳ ಅದಾವ.”

“ಭಾಳ ಅಂದ್ರ ಎಷ್ಟು?”

“ಎಣಸಾಕ ಬರಂಗಿಲ್ರಿ.”

“ಎಣಸಾಕ ಬರಲಾರದ್ದನ್ನ ಹೆಂಗ ಮಾರ್ತೀರಿ?” ಕಲ್ಮೇಶರು ಕನ್ನಡಕ ತೆಗೆದು ಒರೆಸಿಕೊಂಡರು. “ನೋಡ್ರಿ, ಪುಡಿ ಅಂದ್ರ ನನ್ನ ಹದ್ದಿನಾಗ ಬರತೈತಿ. ನಾನೂ ನೀವೂ ಇಲ್ಲೇ ಕುಂತು ಬಗೆಹರಿಸಿಕೊಳ್ಳೂಣು. ಅಣು ಅಂದ್ರ ವಿಷಯ ದಿಲ್ಲಿಗೆ ಹೋಗತೈತಿ. ಹೆಸರು ಬದಲ ಮಾಡ್ರಿ.” ಹೋಗುವಾಗ ಅವರು ಎರಡು ಪಾಕೀಟು ಕೊಂಡುಕೊಂಡರು.

ಬೇರೆ ಯಾರಾದರೂ ಆಗಿದ್ದರೆ ಹೆದರುತ್ತಿದ್ದರು. ಗುರುಪುತ್ರಪ್ಪನಿಗೆ ಮಾತ್ರ ಕಿವಿಯಲ್ಲಿ ಉಳಿದದ್ದು ‘ದಿಲ್ಲಿ’ ಎಂಬ ಒಂದು ಮಾತು. ಎದೆ ಉಬ್ಬಿಸಿಕೊಂಡು ಹಿತ್ತಲಿಗೆ ಬಂದ. ಗೋಡೆಯ ಆಚೆ ಶಾಂತಿನಾಥನ ತಾಯಿ ಜಿನಮತಿ ಅವ್ವ ಸೀರೆ ಒಣಹಾಕುತ್ತಿದ್ದರು. ಎಪ್ಪತ್ತು ದಾಟಿದ ಜೀವ. ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟಿದವರಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹುಟ್ಟಿದಾರಭ್ಯ ನಾಲಿಗೆಗೆ ಸೋಕಿದ್ದಿಲ್ಲ. ಹರೆಯದಲ್ಲೇ ಜೈನ ಮುನಿಗಳ ಮುಂದೆ ನಿಂತು ಆ ನಿಯಮ ಹಿಡಿದವರು.

“ಯಾರು ಬಂದಿದ್ರಪಾ, ಗುರುಪುತ್ರಾ?”

“ಆಫೀಸರ್ರು ಅವ್ವಾರ. ನಮ್ಮ ಅಣು ಬಗ್ಗೆ ವಿಚಾರಣಿ. ದಿಲ್ಲಿತನಕ ಹೊಂಟೈತಿ ಮಾತು.”

“ಅಣು? ಚಲೋ ಮಾತು ಹಿಡದೀ. ನಮ್ಮ ಶಾಸ್ತ್ರದಾಗೂ ಪರಮಾಣು ಐತಿ. ಕಡದ್ರ ಕಡಿಯಂಗಿಲ್ಲ, ಸುಟ್ರ ಸುಡಂಗಿಲ್ಲ, ಕಣ್ಣಿಗೆ ಕಾಣಂಗಿಲ್ಲ. ಇಡೀ ಲೋಕ ಅದರಿಂದ ತುಂಬೇತಿ ಅಂತಾರ.”

ಇಲ್ಲಿಗೆ ಮಾತು ನಿಲ್ಲಬೇಕಿತ್ತು. ಸಂಸಾರಗಳು, ಸ್ನೇಹಗಳು, ಒಮ್ಮೊಮ್ಮೆ ಸರಕಾರಗಳೂ ಉಳಿಯುವುದು ಮಾತು ನಿಲ್ಲಬೇಕಾದಲ್ಲಿ ನಿಂತಾಗ. ಆದರೆ ಗುರುಪುತ್ರಪ್ಪನಿಗೆ ಸರಿಸಮಾನ ವಿದ್ವಾಂಸರೊಬ್ಬರು ಸಿಕ್ಕಿದ್ದರು.

“ಶಾಸ್ತ್ರ ಯಾಕ ಅವ್ವಾರ, ಇಲ್ಲೇ ಪುರಾವಾ ತೋರಸ್ತೇನಿ. ಈಗ ನಿಮಗ ನಮ್ಮ ಮನಿ ಬಳ್ಳೊಳ್ಳಿ ವಾಸನಿ ಬರಾಕತ್ತೈತಿಲ್ಲೋ?”

“ದಿನಾ ಬರತೈತಿ. ರೂಢಿ ಆಗೇತಿ.”

“ವಾಸನಿ ಅಂದ್ರ ಸುಮ್ನ ಗಾಳಿ ಅಲ್ರಿ. ಬಳ್ಳೊಳ್ಳಿನ ಅದು! ಅದರ ಅಣು ಹಾರಿ, ಗ್ವಾಡಿ ದಾಟಿ, ನಿಮ್ಮ ಮೂಗಿನಾಗ ಬಂದು ಕುಂದರತೈತಿ.”

ಸೀರೆ ಜಾಡಿಸುತ್ತಿದ್ದ ಕೈ ಅಲ್ಲೇ ನಿಂತಿತು.

“ಬಳ್ಳೊಳ್ಳಿನ?”

“ಖರೇ ಬಳ್ಳೊಳ್ಳಿ! ನೂರಕ್ಕ ನೂರು ಶುದ್ಧ,” ಎಂದುಬಿಟ್ಟ ಗುರುಪುತ್ರಪ್ಪ. ಅಂಗಡಿಗಳಲ್ಲಿ ಹೇಳಿ ಹೇಳಿ ನಾಲಿಗೆಗೆ ಕೂತಿದ್ದ ಮಾತು.

“ಮೂಗಿನಿಂದ ಮುಂದ ಎಲ್ಲಿಗೆ ಹೋಗತೈತಿ?”

“ಗಂಟಲಕ್ಕ. ಅಲ್ಲಿಂದ ಒಳಗ.”

ಜಿನಮತಿ ಅವ್ವ ಸೀರೆಯನ್ನು ಹಗ್ಗದ ಮೇಲೆ ಬಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು: “ನೀವು ಈ ಮನಿಗೆ ಬಂದು ಎಷ್ಟ್ ವರ್ಷ ಆತಪಾ?”

ತಾನು ಆಡಿದ್ದೇನೆಂದು ಗುರುಪುತ್ರಪ್ಪನಿಗೆ ಆಗ ತಿಳಿಯಿತು. ಅಷ್ಟರಲ್ಲಿ ಅವರು ಸೆರಗನ್ನು ಮೂಗಿಗೆ ಒತ್ತಿಕೊಂಡು ಒಳಗೆ ಹೋಗಿಯಾಗಿತ್ತು. ಒಂದೊಂದಾಗಿ ಕಿಟಕಿಗಳು ಮುಚ್ಚಿದ ಸದ್ದು ಕೇಳಿತು.

ಮರುದಿನ ಬೆಳಿಗ್ಗೆ ಶಾಂತಿನಾಥ ಬಂದ. ಸಿಟ್ಟಿನಲ್ಲಿದ್ದಾಗಲೂ ಚಪ್ಪಲಿ ಬಿಟ್ಟೇ ಒಳಗೆ ಬರುವ ಮನುಷ್ಯ.

“ಗುರುಪುತ್ರಪ್ಪನವರ, ನಮ್ಮ ಅವ್ವನಿಗೆ ಏನ್ ಹೇಳೀರಿ? ನಿನ್ನೆಯಿಂದ ಅನ್ನ ಬಿಟ್ಟಾಳ. ಇಷ್ಟ್ ವರ್ಷದ ನಿಯಮ ಮುರದೇತಿ, ನಾ ದಿನಾ ಬಳ್ಳೊಳ್ಳಿ ತಿಂದೇನಿ ಅಂತಾಳ. ಬರೇ ನೀರಿನ ಮ್ಯಾಲ ಕುಂತಾಳ.”

ದಾನೇಶ್ವರಿ ಒಳಗಿನಿಂದ ಬಂದು ಎಲ್ಲ ಕೇಳಿದಳು. ಗಂಡನಿಗೆ ಒಂದು ಮಾತೂ ಆಡಲಿಲ್ಲ. ಕುಟ್ಟುತ್ತಿದ್ದ ಬಳ್ಳೊಳ್ಳಿಯನ್ನು ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಿದಳು. ಪಾಕೀಟುಗಳ ಮುಂದೆ ಕುಳಿತು ‘ಅಣು’ವಿನ ಚೀಟಿಗಳನ್ನು ಉಗುರಿನಿಂದ ಕಿತ್ತು ಕಿತ್ತು ತೆಗೆದಳು. ಆ ಜಾಗದಲ್ಲಿ ಪೆನ್ನಿನಿಂದ ದಪ್ಪಗೆ ‘ಪುಡಿ’ ಎಂದು ಬರೆದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಗುರುಪುತ್ರಪ್ಪ ಅವಳ ಬೈಗುಳವನ್ನು ಕೇಳಿದ್ದ. ಅವಳ ಮೌನ ಇದೇ ಮೊದಲು.

ಸುದ್ದಿ ಓಣಿಗೆ ಹರಡಲು ಹೊತ್ತು ಬೇಕಾಗಲಿಲ್ಲ. ಸಂಜೆಗೆ ಅವನ ಕಟ್ಟೆಯ ಮೇಲೆ ಸಭೆಯೇ ಸೇರಿತು.

“ವಾಸನಿ ಅಂದ್ರ ತಿಂದಂಗೇನು?” ಎಂದು ಶುರು ಮಾಡಿದವಳು ಹಿಂದಿನ ಮನೆಯ ಕಾಶವ್ವ. ದಿನಾ ಲಿಂಗಪೂಜೆ ಮಾಡುವ ಹೆಂಗಸು. “ಹಂಗಾದ್ರ ಮೂಲಿ ಖಾನಾವಳಿಯಾಂವ ಮೀನ ಹುರೀತಾನಲ್ಲ, ಅದು?”

ಕಾಶವ್ವ ತನ್ನ ಬಾಯಿಯನ್ನು ತಾನೇ ಮುಟ್ಟಿ ನೋಡಿಕೊಂಡಳು.

ಪೆನ್ಶನ್ ತಗೊಂಡ ಬಾಳಪ್ಪ ಕೆಮ್ಮಿದರು. “ನಾ ದಿನಾ ವಾಕಿಂಗಿಗೆ ಬಾರ್ ಮುಂದ ಹಾದು ಹೋಗ್ತೇನಿ. ಹಂಗಾದ್ರ ನಾ ಕುಡದಂಗ ಆತೇನು?”

“ಅದಕ್ಕ ದಿನಾ ಅದ ದಾರಿ ಹಿಡೀತೀರಿ,” ಎಂದಳು ಅವರ ಹೆಂಡತಿ.

“ಮತ್ತ ನಮ್ಮ ಓಣಿ ಗಟಾರ...” ಎಂದು ಯಾರೋ ಹಿಂದಿನಿಂದ ಬಾಯಿ ತೆರೆದರು. ಆ ಮಾತನ್ನು ಮುಗಿಸುವ ಧೈರ್ಯ ಅವರಿಗೂ ಇರಲಿಲ್ಲ, ಕೇಳುವ ಧೈರ್ಯ ಉಳಿದವರಿಗೂ ಇರಲಿಲ್ಲ. ಸಭೆ ಏಕಮತದಿಂದ ಉಸಿರು ಬಿಗಿಹಿಡಿಯಿತು. ಎಷ್ಟು ಹೊತ್ತು ಹಿಡಿದಾರು? ಕೊನೆಗೆ ಎಲ್ಲರೂ ಒಟ್ಟಿಗೆ ಬಿಟ್ಟು, ಒಟ್ಟಿಗೆ ಎಳೆದುಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಮನೆಗೆ ಹೋದರು.

ಮರುದಿನ ಗುರುಪುತ್ರಪ್ಪ ಸ್ನಾನ ಮಾಡಿ, ಮಡಿ ಪಂಚೆ ಉಟ್ಟು, ಜಿನಮತಿ ಅವ್ವನ ಮುಂದೆ ಕೈಕಟ್ಟಿ ನಿಂತ.

“ಅವ್ವಾರ, ನಂದು ತಪ್ಪಾತ್ರಿ. ಸುಳ್ಳ ಹೇಳಿದ್ನಿ. ಅಣು ಅಂಬೂದ ಇಲ್ಲ.”

“ಹೆಂಗ ಇಲ್ಲಂತಿ? ಶಾಸ್ತ್ರದಾಗ ಐತಿ.” ದನಿ ಕ್ಷೀಣವಾಗಿತ್ತು, ಆದರೆ ಗಟ್ಟಿಯಿತ್ತು. “ನೀ ಹೇಳಿದ್ದು ನಂಬೂದಿಲ್ಲ, ಅಲ್ಲ ಅಂದದ್ದೂ ನಂಬೂದಿಲ್ಲ. ಪೂನಮ್ ಕಲತಾಕಿ. ಆಕಿನ್ನ ಕೇಳೂಣು. ಫೋನಿನಾಗ ಬ್ಯಾಡ, ಮಾರಿ ಕಾಣಂಗಿಲ್ಲ. ಅಜ್ಜಿಗೆ ಸಮಾಧಾನ ಆಗ್ಲಿ ಅಂತ ಸುಳ್ಳ ಹೇಳಿಬಿಡ್ತಾಳ. ಇವತ್ತ ಹೋಗೂಣು. ನೀನೂ ಬಾ.”

ಹೊರಗೆ ಬಂದು ಗುರುಪುತ್ರಪ್ಪ ಗುಟ್ಟಾಗಿ ಪೂನಮ್‌ಗೆ ಫೋನ್ ಹಚ್ಚಿದ. “ಯವ್ವಾ, ಒಂದ ಒಂದ್ ಸುಳ್ಳು. ವಾಸನಿ ಅಂದ್ರ ಬರೇ ಗಾಳಿ ಅಂದುಬಿಡು. ನಿನ್ನ ಕಾಲ ಬೀಳ್ತೇನಿ.”

“ಕಾಕಾ, ಸಾಲಿಯಾಗ ನಲವತ್ತ್ ಹುಡುಗ್ರಿಗೆ ಖರೇ ಹೇಳಿ ಬಂದು, ಮನಿಯಾಗ ಅಜ್ಜಿಗೆ ಸುಳ್ಳ ಹೇಳ್ಲೇನು? ಕರ್ಕೊಂಡ ಬರ್ರಿ. ಹೊತ್ತ್ ಮುಳಗೂದ್ರಾಗ ಬರ್ರಿ. ಹೊತ್ತ್ ಹ್ವಾದ್ರ ಇವತ್ತೂ ಉಣ್ಣಂಗಿಲ್ಲ ಆಕಿ.”

ಮಧ್ಯಾಹ್ನದ ರೈಲುಗಾಡಿಗೆ ಮೂವರೂ ಹತ್ತಿದರು. ಜಿನಮತಿ ಅವ್ವನಿಗೆ ಕಿಟಕಿಯ ಪಕ್ಕ ಜಾಗ, ನಡುವೆ ಶಾಂತಿನಾಥ, ಎದುರಿಗೆ ಗುರುಪುತ್ರಪ್ಪ. ಗಾಡಿ ತಡವಾಗಿಯೇ ಹೊರಟಿತು. ದೇಸೂರಿನಲ್ಲಿ ಒಂದು ಸಂಸಾರ ಹತ್ತಿ ಪಕ್ಕದಲ್ಲೇ ಕುಳಿತು ಬುತ್ತಿ ಬಿಚ್ಚಿತು. ರೊಟ್ಟಿ, ಮೊಸರು. ಆಮೇಲೆ ಒಂದು ಪಾಕೀಟು ಹೊರಬಂತು. ಗುರುಪುತ್ರಪ್ಪ ತನ್ನ ಮಾಲನ್ನು ದೂರದಿಂದಲೇ ಗುರುತು ಹಿಡಿದ. ಜೀವಮಾನದಲ್ಲಿ ಮೊದಲ ಬಾರಿಗೆ, ಗಿರಾಕಿಯೊಬ್ಬ ತನ್ನ ಪಾಕೀಟು ಒಡೆಯದಿರಲಿ ಎಂದು ಬೇಡಿಕೊಂಡ.

ಪಾಕೀಟು ಒಡೆಯಿತು.

ಜಿನಮತಿ ಅವ್ವ ಸೆರಗು ಮೂಗಿಗೊತ್ತಿ ಕಣ್ಣು ಮುಚ್ಚಿದರು. ಗುರುಪುತ್ರಪ್ಪ ಚಟ್ಟನೆ ಎದ್ದು, ಶಾಂತಿನಾಥನ ಕೈಯಲ್ಲಿದ್ದ ಪೇಪರನ್ನು ಕಸಿದುಕೊಂಡು, ಬುತ್ತಿಗೂ ಅವ್ವನಿಗೂ ನಡುವೆ ನಿಂತು, ಎರಡೂ ಕೈಯಿಂದ ಬುತ್ತಿಯ ಕಡೆ ಬೀಸತೊಡಗಿದ.

“ಯಾಕ್ರಿ, ನೊಣ ಅದಾವೇನು?” ಎಂದ ರೊಟ್ಟಿಯವನು.

“ನೊಣ ಅಲ್ರಿ, ಅಣು.”

ರೊಟ್ಟಿಯವನು ಹೆಂಡತಿಯ ಕಡೆ ನೋಡಿದ. “ಪಾಪ,” ಎಂದು ಆಕೆ ಮೆಲ್ಲಗೆ ಹೇಳಿ, ಮಕ್ಕಳನ್ನು ಸ್ವಲ್ಪ ಆಚೆ ಎಳೆದುಕೊಂಡಳು. ಖಾನಾಪುರ ಬರುವವರೆಗೂ ಗುರುಪುತ್ರಪ್ಪ ಬೀಸಿದ. ಬೆವರು ಸುರಿಸಿಕೊಂಡು ಬೀಸಿದ. ಇಳಿಯುವಾಗ ರೆಟ್ಟೆಗಳು ಸೋತು ಜೋತುಬಿದ್ದಿದ್ದವು.

ಪೂನಮ್‌ಳ ಮನೆ ಹಳೆಯ ಹಂಚಿನ ಮನೆ. ಪಶ್ಚಿಮಕ್ಕೆ, ಎತ್ತರದಲ್ಲಿ, ಒಂದೇ ಚಿಕ್ಕ ಕಿಟಕಿ. ಇಳಿಬಿಸಿಲು ಅದರೊಳಗಿಂದ ನೇರ ನಡುಮನೆಗೆ ಬಿದ್ದು ಎದುರು ಗೋಡೆಯ ಮೇಲೆ ಹಳದಿ ಚೌಕವಾಗಿ ನಿಂತಿತ್ತು. ಅನ್ನ, ತೊವ್ವೆ, ತುಪ್ಪ ಎಲ್ಲ ಸಿದ್ಧವಿತ್ತು. ಜಿನಮತಿ ಅವ್ವ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

“ಮದಲ ಹೇಳು. ವಾಸನಿ ಅಂದ್ರ ಬಳ್ಳೊಳ್ಳಿ ಹೌದೋ ಅಲ್ಲೋ?”

ಪೂನಮ್ ಅಜ್ಜಿಯ ಎದುರು ನೆಲದ ಮೇಲೆ ಕುಳಿತಳು. ಗುರುಪುತ್ರಪ್ಪ ಗೋಡೆಯ ಮೇಲಿನ ಚೌಕ ಮೇಲೇರುತ್ತಿರುವುದನ್ನು ನೋಡಿದ. ಅದು ಜಂತಿ ಮುಟ್ಟಿದರೆ ಹೊತ್ತು ಮುಳುಗಿದಂತೆ.

“ಹೌದಜ್ಜಿ,” ಎಂದಳು ಪೂನಮ್.

ಗುರುಪುತ್ರಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

“ಆದ್ರ ಎಷ್ಟು ಅಂತ ಕೇಳು. ಸೂಜಿ ಮೊನಿಗೆ ಹತ್ತಿದ ನೀರಿನಾಗ ಇರೂ ಅಣು ಎಣಸಾಕ ಕುಂತ್ರ, ನಮ್ಮ ಜಿಲ್ಲಾದಾಗ ಒಂದ್ ವರ್ಷ ಬೆಳದ ಜ್ವಾಳದ ಕಾಳೆಲ್ಲಾ ಒಂದ ಕಡೆ ಸುರದ್ರೂ ಅಷ್ಟ್ ಆಗಂಗಿಲ್ಲ. ಅಷ್ಟ್ ಸಣ್ಣದು.”

“ಸಣ್ಣದಿರಲಿ. ಬಳ್ಳೊಳ್ಳಿ ಹೌದಲ್ಲೋ?”

“ಅಲ್ಲೇ ಐತಿ ನೋಡಜ್ಜಿ ಮಜಾ. ಎಸಳು ಇದ್ದಾಗ ಅದು ಬಳ್ಳೊಳ್ಳಿ. ಕುಟ್ಟಿದ್ರೂ ಬಳ್ಳೊಳ್ಳಿ. ನಿನ್ನ ಮೂಗಿಗೆ ಬಂದದ್ದು ಬಳ್ಳೊಳ್ಳಿ ಒಳಗಿನ ಒಂದ್ ಪದಾರ್ಥದ ಅಣು. ಅದನ್ನ ಇನ್ನೂ ಒಡೆದಿ ಅಂದ್ರ ಸಿಗೂದು ಗಂಧಕ, ಇಂಗಾಲ, ಜಲಜನಕ ಇವುಗಳ ಪರಮಾಣು. ಈ ಅನ್ನದಾಗ ಇರೂ ಇಂಗಾಲನೂ ಅದ, ನೀ ಆರತಿಗೆ ಹಚ್ಚೂ ಕರ್ಪೂರದ್ದೂ ಅದ. ಅದಕ್ಕ ಬಳ್ಳೊಳ್ಳಿ ಅಂತ ಹೆಸರ ಇರಂಗಿಲ್ಲ.”

ಗುರುಪುತ್ರಪ್ಪ ಮುಖದಿಂದ ಕೈ ತೆಗೆದ. ಪುಡಿ, ಹಿಟ್ಟು, ಧೂಳು, ಕಣ, ಅಣು ಎಂದು ಅವನು ಹೆಸರಿನ ಮೆಟ್ಟಿಲು ಇಳಿದಿದ್ದ. ಇನ್ನೂ ಕೆಳಗಿಳಿದರೆ ಒಂದು ಮೆಟ್ಟಿಲಲ್ಲಿ ಹೆಸರೇ ಕಳಚಿಬೀಳುತ್ತದೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ. “ಯಾವ ಮೆಟ್ಟಲದಾಗ ಬೀಳತೈತಿ ಯವ್ವಾ?” ಎಂದು ಕೇಳಿದ. ಅವನಿಗೇ ತಿಳಿಯದಂತೆ ದನಿ ಪಿಸುಮಾತಾಗಿತ್ತು.

ಪೂನಮ್ ಉತ್ತರಿಸುವ ಮೊದಲೇ ಜಿನಮತಿ ಅವ್ವ ತಲೆಯಾಡಿಸಿದರು. “ಹಂಗ ಐತಿ ಶಾಸ್ತ್ರದಾಗೂ. ಇವತ್ತು ಮಣ್ಣಾಗಿದ್ದದ್ದು ನಾಳಿ ನೀರಾಗತೈತಿ, ನಾಡದು ಗಾಳಿ. ಪರಮಾಣುವಿಗೆ ತನ್ನದು ಅಂತ ಮನಿ ಇಲ್ಲ. ಕೇಳಿದ್ನಿ, ಹೇಳಿದ್ನಿ. ಹಿತ್ತಲದಾಗ ನಿಂತು ಅದನ್ನ ಮೂಸಿ ನೋಡೀನಂತ ಗೊತ್ತಿರಲಿಲ್ಲ.” ಒಂದು ಕ್ಷಣ ತಡೆದು ಮೊಮ್ಮಗಳನ್ನು ಕೇಳಿದರು: “ಅವರ ಮನಿದು ಗ್ವಾಡಿ ದಾಟಿ ನಮ್ಮಲ್ಲಿಗೆ ಬಂದ್ರ, ನಮ್ಮದೂ ಅವರಲ್ಲಿಗೆ ಹೋಗಿರಬೇಕಲ್ಲ?”

“ಹೋಗಿರತೈತಿ. ನಿನ್ನ ತುಪ್ಪ, ಕರ್ಪೂರ, ಹೂವಿಂದು. ನೀ ಬಿಟ್ಟ ಉಸರೂ ಹೋಗಿರತೈತಿ.”

“ಜಪಾ ಮಾಡೂ ಮುಂದ ಬಿಟ್ಟದ್ದು?”

“ಅದೂ.”

ಜಿನಮತಿ ಅವ್ವ ಗುರುಪುತ್ರಪ್ಪನನ್ನು ತಲೆಯಿಂದ ಕಾಲಿನವರೆಗೆ ಹೊಸದಾಗಿ ನೋಡಿದರು. “ಹಂಗಾದ್ರ ಇಷ್ಟ್ ವರ್ಷದ ಣಮೋಕಾರ ಮಂತ್ರ ಇವನ ಹೊಟ್ಟ್ಯಾಗ ಐತಿ. ಶಾಂತಿನಾಥಾ, ಇಂವ ಅರ್ಧಾ ಜೈನ ಆಗ್ಯಾನಲ್ಲೋ!”

ಎರಡು ದಿನದಿಂದ ನಗದಿದ್ದ ಶಾಂತಿನಾಥ ಹೊಟ್ಟೆ ಹಿಡಿದುಕೊಂಡು ನಕ್ಕ. ಗುರುಪುತ್ರಪ್ಪನಿಗೆ ನಗು ಬರಲಿಲ್ಲ. ಅವನು ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಅದು ಯಾರದೋ ದೇವರಕೋಣೆ ಎಂಬಂತೆ ಕುಳಿತಿದ್ದ.

“ಅವ್ವಾರ,” ಎಂದ ಕೊನೆಗೆ, ಗೋಡೆಯತ್ತ ಕೈ ತೋರಿಸಿ, “ಬಿಸಲು ಜಂತಿ ಮುಟ್ಟಾಕ ಬಂತ್ರಿ.”

“ನಿಯಮ ನಾ ನಾಲಿಗಿಗೆ ಹಾಕ್ಕೊಂಡಿದ್ನಿ. ಗೊತ್ತಿಲ್ಲದ ಒಳಗ ಹೋದದ್ದಕ್ಕ ಎರಡ ದಿನದ ಉಪಾಸ ಸಾಕು. ಇನ್ನ ಮುಂದ ದಾನವ್ವಗ ಹೇಳು, ಕುಟ್ಟೂ ಮದಲ ಒಂದ್ ಕೂಗು ಹಾಕ್ಲಿ, ಕಿಟಕಿ ಹಾಕ್ಕೊಂತೇನಿ. ಆಕಿ ಹೊಟ್ಟಿಪಾಡು ನಿಲ್ಲಬಾರ್ದು.” ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಕೈಮುಗಿದು, ಅನ್ನ ಕಲಸಿದರು.

ಅವರು ಉಣ್ಣುತ್ತಿದ್ದ ಜಾಗಕ್ಕೂ ಕಿಟಕಿಗೂ ನಡುವೆ ಬಿಸಿಲುಕೋಲು ಓರೆಯಾಗಿ ನಿಂತಿತ್ತು. ಅದರೊಳಗೆ ಸಾವಿರ ಸಾವಿರ ಧೂಳಿನ ಕಣಗಳು ಹೊನ್ನಿನಂತೆ ಹೊಳೆಯುತ್ತ, ಏಳುತ್ತ, ಇಳಿಯುತ್ತ, ಎಲ್ಲಿಗೂ ಅವಸರವಿಲ್ಲದೆ ತೇಲುತ್ತಿದ್ದವು. ಗುರುಪುತ್ರಪ್ಪ ಐವತ್ತು ವರ್ಷದಿಂದ ಬಿಸಿಲುಕೋಲು ಕಂಡವನೇ. ಆದರೆ ಅದನ್ನು ನೋಡಿದ್ದು ಆ ಸಂಜೆ.

“ಅಣು ಅಂದ್ರ ಇವು ಏನು?”

“ಅಲ್ಲ ಕಾಕಾ. ಇವು ಅಣುವಿನ ಮುಂದ ಗುಡ್ಡ ಇದ್ದಂಗ.”

ಕೊನೆಯ ತುತ್ತು ಮುಗಿಸಿ ಜಿನಮತಿ ಅವ್ವ ನೀರು ಕುಡಿದರು. ಲೋಟ ಕೆಳಗಿಡುವ ಹೊತ್ತಿಗೆ ಬಿಸಿಲುಕೋಲು ಒಮ್ಮೆ ಕೆಂಪಗಾಗಿ, ತೆಳ್ಳಗಾಗಿ, ಆರಿತು. ಹೊನ್ನೆಲ್ಲ ಒಮ್ಮೆಲೇ ಇಲ್ಲವಾಯಿತು.

“ಎಲ್ಲಿ ಹ್ವಾದುವು?” ಎಂದ ಗುರುಪುತ್ರಪ್ಪ, ಏನೋ ಕಳೆದುಕೊಂಡವನಂತೆ.

“ಎಲ್ಲೂ ಹೋಗಿಲ್ಲ, ಇಲ್ಲೇ ಅದಾವ,” ಎಂದಳು ಪೂನಮ್, ದೀಪ ಹಚ್ಚಲು ಏಳುತ್ತ.

ಗುರುಪುತ್ರಪ್ಪ ಕತ್ತಲಾಗುತ್ತಿದ್ದ ಆ ನಡುಮನೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತ. ತನಗಿಂತ ದೊಡ್ಡವರ ಕೈಯಿಂದ ಪ್ರಸಾದ ತೆಗೆದುಕೊಳ್ಳುವವನ ಹಾಗೆ, ಬಹಳ ಹುಷಾರಿಯಿಂದ, ಒಂದು ಉಸಿರು ಎಳೆದುಕೊಂಡ.